ಎಡಕ್ಕೆ ಬಿದ್ದ ಕಣಗಿಲ ಹೂ

ಆ ಹೂವಿಗೆ ಎಣ್ಣೆ ಹಚ್ಚಿದವಳು ನಾನು.

ಬಿದ್ದದ್ದು ಅದೇ ಹೂವೋ, ಇನ್ನೊಂದೋ — ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಹಚ್ಚಿದ್ದು ನಾನು. ನಮ್ಮ ಮನೆಯಲ್ಲಿ ಈಗಲೂ ಯಾರಾದರೂ ದೂರದ ಊರಿಗೆ ಹೊರಟರೆ, "ಗಂಗತ್ತಿ ಸಮುದ್ರಕ್ಕ ಹೊಂಟಾಗ ವೀರಭದ್ರ ಎಡಕ್ಕ ಹೂ ಕೊಟ್ಟು ಉಳಿಸಿದ" ಅಂತ ಕಥೆ ಶುರುವಾಗುತ್ತದೆ. ನಾನೂ ಹೇಳಿದ್ದೇನೆ. ಪೂಜೆಯ ಅಯ್ಯನವರ ದನಿ ಮಾಡಿ, ದೊಡ್ಡಪ್ಪನ ಮೀಸೆ ತಿರುವಿ ತೋರಿಸಿ, ಎಲ್ಲರನ್ನೂ ನಗಿಸಿ ಹೇಳಿದ್ದೇನೆ. ಹಾಗೆ ನಗಿಸುವವಳು ನಡುವೆ ನಿಲ್ಲಿಸಿ ನಿಜ ಹೇಳಿದರೆ ಅದಕ್ಕೂ ನಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೆನ್ನು ಹಿಡಿಯುವ ವಯಸ್ಸು ದಾಟಿತು. ಇನ್ನೊಬ್ಬರ ಕೈಯಲ್ಲಿ ಬರೆಸುವ ಮಾತು ಇದಲ್ಲ. ಈಗ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುವುದು ಕಲಿತಿದ್ದೇನೆ. ಒತ್ತು ಎಲ್ಲಿ, ದೀರ್ಘ ಎಲ್ಲಿ ಅಂತ ಹುಡುಕುವವಳಿಗೆ ಸುಳ್ಳು ಕಟ್ಟುವಷ್ಟು ಪುರುಸೊತ್ತು ಸಿಗುವುದಿಲ್ಲ.

ಗಂಗತ್ತಿ ಅಂದರೆ ನಮ್ಮಪ್ಪನ ತಂಗಿ, ಗಂಗಮ್ಮ. ಆದವಾನಿಯ ನಮ್ಮ ಮನೆಯಿಂದ ಆಸ್ಪರಿ ಕಡೆಯ ಹಳ್ಳಿಗೆ ಮದುವೆಯಾಗಿ ಹೋದವಳು, ಮೈ ನೆರೆದ ವರ್ಷವೇ ಗಂಡನನ್ನು ಕಳೆದುಕೊಂಡು ತಿರುಗಿ ಬಂದಳು. ನಮ್ಮವ್ವನ ತೊಡೆಯ ಮೇಲೆ ಯಾವಾಗಲೂ ಒಂದು ಕೂಸು ಇರುತ್ತಿತ್ತು. ಹಾಗಾಗಿ ನನ್ನನ್ನು ಬೆಳೆಸಿದವಳು ಗಂಗತ್ತಿ. ತಲೆ ಬಾಚುವುದು, ಉಣಿಸುವುದು, ಬೆನ್ನಿಗೆ ಗುದ್ದುವುದು, ಗುದ್ದಿದ ಮೇಲೆ ಬೆಲ್ಲದ ಚೂರು ಬಾಯಿಗೆ ತುರುಕುವುದು — ಎಲ್ಲ ಆಕೆಯೇ. ಆಕೆ ನನ್ನವಳು ಅಂತ ನಾನು ತಿಳಿದಿದ್ದೆ. ಎಮ್ಮೆ ನಮ್ಮದು, ಬಾವಿ ನಮ್ಮದು ಅನ್ನುತ್ತೇವಲ್ಲ, ಹಾಗೆ.

ಯಾರನ್ನೂ ಏನನ್ನೂ ಕೇಳದವಳು ಒಂದು ಬೇಸಿಗೆ ಕೇಳಿದಳು. ಎರಡನೇ ಮಹಾಯುದ್ಧ ಎಲ್ಲೋ ದೂರದಲ್ಲಿ ನಡೆದಿದ್ದ ಕಾಲ. ದೊಡ್ಡಪ್ಪ ಹತ್ತಿ ವ್ಯಾಪಾರಿ. ಹುಬ್ಬಳ್ಳಿಯ ಅವನ ಗೆಳೆಯರೊಬ್ಬರಿಗೆ ಕಾರವಾರದಲ್ಲಿ ಒಂದು ಮನೆ ಇತ್ತಂತೆ. ಹಂಗಾಮು ಮುಗಿದ ಮೇಲೆ ನಾಲ್ಕು ದಿನ ಸಮುದ್ರದ ಗಾಳಿ ತಗೊಂಡು ಹೋಗಿ ಅಂತ ಕರೆದಿದ್ದರು. ದೊಡ್ಡಪ್ಪ ಉಣ್ಣುತ್ತಾ ಅದನ್ನು ನಗೆಯ ಮಾತಾಗಿ ಹೇಳಿದ — ಗಾಳಿ ತಿನ್ನಲಿಕ್ಕೆ ರೈಲು ಹತ್ತುತ್ತಾರಂತೆ ದೊಡ್ಡವರು, ಅಂತ. ಗಂಗತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಣ್ಣಾ, ನನಗ ಸಮುದ್ರ ನೋಡಬೇಕು."

ದೊಡ್ಡಪ್ಪ ತುತ್ತು ಕೈಯಲ್ಲಿ ಹಿಡಿದು ತಂಗಿಯ ಮುಖ ನೋಡಿದ. ದಿನವೆಲ್ಲ ಹತ್ತಿ ಪೇಟೆಯಲ್ಲಿ ತೆಲುಗು ಮಾತಾಡಿ ಬರುವವನು, "ಸರೇ, ಪೋದಾಂ. ಹೋಗೂನು ತಗೋ" ಅಂದ. ಅಷ್ಟೇ. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಗಂಗತ್ತಿಗೇ.

ಆಮೇಲೆ ನಮ್ಮ ಮನೆಯಲ್ಲಿ ನಡೆದ ಗಲಿಬಿಲಿ ಕೇಳಬೇಡಿ. ಸಮುದ್ರ ನೋಡಿದವರು ಒಬ್ಬರೂ ಇಲ್ಲ. ಗೊತ್ತಿದ್ದವರು ಮಾತ್ರ ಎಲ್ಲರೂ. ನೀರೇ ಉಪ್ಪಾದ ಊರಲ್ಲಿ ಕುಡಿಯುವುದೇನು, ಎರಡು ಹೂಜಿ ನೀರು ರೈಲಿನಲ್ಲಿ ಒಯ್ಯಲು ಬಿಡುತ್ತಾರೋ ಇಲ್ಲವೋ. ರಾತ್ರಿ ಸಮುದ್ರ ಮಲಗುತ್ತದೋ, ಸದ್ದು ಮಾಡುತ್ತಲೇ ಇರುತ್ತದೋ. ಮೀನಿನ ವಾಸನೆಗೆ ಊಟ ಸೇರದಿದ್ದರೆ ಅಂತ ದೊಡ್ಡವ್ವ ಕಡಕ್ ರೊಟ್ಟಿ ಮಾಡಿಸಿ ಬುಟ್ಟಿ ತುಂಬಿದಳು, ಶೇಂಗಾ ಹಿಂಡಿ ಕುಟ್ಟಿಸಿದಳು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕು, ಹುಬ್ಬಳ್ಳಿಯಲ್ಲಿ ಇಳಿಯಬೇಕು, ಅಲ್ಲಿಂದ ಘಟ್ಟ ಇಳಿಯುವ ಮೋಟಾರು — ಇದನ್ನು ದೊಡ್ಡಪ್ಪ ದಿನಕ್ಕೊಂದು ರೀತಿ ಹೇಳುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಚಿಂತೆ ಕೊರಳಿನ ಲಿಂಗದ್ದು. ಅಲೆ ಬಂದು ಲಿಂಗ ಕಿತ್ತುಕೊಂಡು ಹೋದರೆ? ಲಿಂಗ ಮೈಮೇಲಿಲ್ಲದೆ ಒಂದು ಗುಟುಕು ನೀರೂ ನುಂಗುವವರಲ್ಲ ನಾವು. ಕಾರವಾರದಲ್ಲಿ ಇನ್ನೊಂದು ಕೊಡುವ ಗುರುಗಳನ್ನು ಎಲ್ಲಿ ಹುಡುಕುವುದು? ದಂಡೆಯಲ್ಲೇ ನಿಂತು ನೋಡಿದರಾಯಿತು ಅಂತ ದೊಡ್ಡವ್ವ. ನೀರಿಗೆ ಕಾಲಿಡದೆ ಬರಲಾರೆ ಅಂತ ಗಂಗತ್ತಿ. ನಮ್ಮದೇ ಗೋದಾಮಿನ ಹತ್ತಿ ತಂದು, ನೂತು, ಹುರಿಗೊಳಿಸಿ, ಲಿಂಗ ಕಟ್ಟಿಕೊಳ್ಳಲು ಮೂರು ಎಳೆಯ ಹೊಸ ಶಿವದಾರ ಹೊಸೆದಳು. ದಾರದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು.

"ಎಳಿ ಪಾರಿ. ಸಮುದ್ರ ಎಳದಂಗ ಎಳಿ."

ನಾನು ಅಂಗಾತ ಬೀಳುವ ತನಕ ಎಳೆದೆ. ಹರಿಯಲಿಲ್ಲ. ಗಂಗತ್ತಿ ಬಾಯಿಗೆ ಸೆರಗು ಮುಚ್ಚಿಕೊಳ್ಳುವುದನ್ನೂ ಮರೆತು ನಕ್ಕಳು. ಆಕೆ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನೂ ಹೋಗುತ್ತೇನೆ ಅಂತಲೇ ತಿಳಿದಿದ್ದೆ. ಕೇಳಬೇಕು ಅನ್ನುವುದೂ ಹೊಳೆದಿರಲಿಲ್ಲ — ಆಕೆ ಎಲ್ಲೋ ನಾನಲ್ಲೇ.

ಆಮೇಲೆ ಒಂದು ಮಧ್ಯಾಹ್ನ ಜೋಳದ ಚೀಲಗಳ ಹಿಂದೆ ಕೂತು ಕದ್ದ ಹುಣಸೆಹಣ್ಣು ಚೀಪುತ್ತಿದ್ದೆ. ದೊಡ್ಡವ್ವ ಕೇಳಿದ್ದು ಕೇಳಿಸಿತು — ಪಾರಿಯನ್ನೂ ಕರೆದುಕೊಂಡು ಹೋಗುವುದಾ ಅಂತ.

"ಬ್ಯಾಡಕ್ಕ," ಅಂದಳು ಗಂಗತ್ತಿ. "ಒಂದ್ ನಾಕು ದಿನರೆ ಯಾರೂ ಸೆರಗಿಗೆ ಜೋತು ಬೀಳದಂಗ ಇರತೀನಿ."

ನಗುತ್ತಲೇ ಅಂದಳು. ಸಿಟ್ಟಿನಿಂದ ಅಂದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ನಾನು ಇಲ್ಲದಿದ್ದರೆ ಆಕೆಗೆ ನಗು ಬರುತ್ತದೆ — ಅಂತ ತಿಳಿಯಿತು ನನಗೆ. ಸರಿಯಾಗಿ ತಿಳಿಯಿತೋ ತಪ್ಪಾಗಿ ತಿಳಿಯಿತೋ... ಎಂಟು ವರ್ಷದವಳಿಗೆ ಎಷ್ಟು ತಿಳಿದೀತು, ಅನ್ನಬಹುದು. ಅನ್ನಬೇಡಿ. ಮುಂದೆ ಮಾಡಿದ್ದನ್ನು ನೋಡಿದರೆ ಸಾಕಷ್ಟು ತಿಳಿದಿತ್ತು.

ದೇವರ ಹೂ ಕೇಳದೆ ದೊಡ್ಡಪ್ಪ ಒಂದು ಹತ್ತಿ ಬಂಡಿಯನ್ನೂ ಊರ ಹೊರಗೆ ಕಳಿಸುತ್ತಿರಲಿಲ್ಲ. ನಮ್ಮ ಓಣಿಯ ವೀರಭದ್ರನ ಗುಡಿಯಲ್ಲಿ ಅಯ್ಯನವರು ಎರಡು ಹೂ ನೀರಿಗೆ ಅದ್ದಿ, ದೇವರ ಬಲಭುಜಕ್ಕೆ ಒಂದು, ಎಡಭುಜಕ್ಕೆ ಒಂದು ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಹೌದು. ಎಡದ್ದು ಬಿದ್ದರೆ ಬೇಡ. ಅದೂ ಗಂಟು ಕಟ್ಟಿದ ಮೇಲೇ ಕೇಳುವುದು ನಮ್ಮ ಮನೆಯ ಪದ್ಧತಿ. ಕಟ್ಟದ ಗಂಟಿನ ಬಗ್ಗೆ ದೇವರು ಯಾಕೆ ಮಾತಾಡಬೇಕು, ಅನ್ನುತ್ತಿದ್ದ ದೊಡ್ಡಪ್ಪ. ಹಾಗಾಗಿ ಹೊರಡುವ ಹಿಂದಿನ ದಿನ ಬೆಳಿಗ್ಗೆ ಎಲ್ಲರೂ ಗುಡಿಗೆ ಹೋದೆವು.

ಹೂ ಹರಿದು ತಟ್ಟೆಯಲ್ಲಿ ತರುವುದು ಯಾವಾಗಲೂ ನನ್ನ ಕೆಲಸ. ಅಯ್ಯನವರು ತಟ್ಟೆಯ ಬಲಗಡೆಯ ಹೂವನ್ನು ಬಲಕ್ಕೆ, ಎಡಗಡೆಯದನ್ನು ಎಡಕ್ಕೆ ಹಚ್ಚುವುದನ್ನು ಎಷ್ಟೋ ಸಲ ನೋಡಿದ್ದೆ. ಆ ಬೆಳಿಗ್ಗೆ ಗಂಗತ್ತಿ ನನ್ನ ತಲೆಗೆ ಎಣ್ಣೆ ಸುರಿದಿದ್ದಳು — ನಾಲ್ಕು ದಿನ ಯಾರು ಬಾಚುತ್ತಾರೆ ನಿನಗೆ ಅಂತ, ಕಿವಿಯ ಹಿಂದೆ ಇಳಿಯುವಷ್ಟು. ಗಿಡದ ಮರೆಯಲ್ಲಿ ನಿಂತು ಒಂದು ಕಣಗಿಲ ಹೂವನ್ನು ನನ್ನ ಜಡೆಗೆ ಉಜ್ಜಿದೆ. ಎಣ್ಣೆಗೆ ನೀರು ಅಂಟುವುದಿಲ್ಲ, ಆ ಹೂ ಮೊದಲು ಬೀಳುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನನಗೇ ಹೊಳೆಯಿತು. ಅದನ್ನು ತಟ್ಟೆಯ ಎಡಗಡೆ ಇಟ್ಟೆ.

ಗುಡಿಯೊಳಗೆ ಗಂಗತ್ತಿ ಕಣ್ಣು ಮುಚ್ಚಿ ನಿಂತಿದ್ದಳು. ಕೊರಳಲ್ಲಿ ಬೆಳ್ಳಗೆ ಹೊಸ ದಾರ. ತುಟಿ ಅಲುಗುತ್ತಿತ್ತು. ಆಕೆ ದೇವರನ್ನು ಅಷ್ಟು ಬೇಡಿಕೊಂಡದ್ದನ್ನು ನಾನು ನೋಡಿರಲಿಲ್ಲ. ಬೇಡ ಅನಿಸಿತು. ಹೋಗಲಿ, ನನ್ನನ್ನು ಬಿಟ್ಟೇ ಹೋಗಲಿ ಅನಿಸಿತು. ತಟ್ಟೆಯನ್ನು ಮೆಲ್ಲಗೆ ತಿರುಗಿಸಿದೆ — ಎಣ್ಣೆಯ ಹೂ ಬಲಕ್ಕೆ ಬರುವ ಹಾಗೆ. ಅಷ್ಟರಲ್ಲಿ ಅಯ್ಯನವರು ತಟ್ಟೆ ಇಸಿದುಕೊಂಡರು. ಇಸಿದುಕೊಂಡು ತಾವೂ ತಿರುಗಿಸಿದರು. ಅರ್ಧ ತಿರುಗಿಸಿದರೋ, ಪೂರ್ತಿ ಸುತ್ತಿಸಿದರೋ — ನಾನು ಹೆದರಿ ಕಣ್ಣು ಮುಚ್ಚಿಬಿಟ್ಟಿದ್ದೆ.

ಕಣ್ಣು ತೆರೆದಾಗ ಹೂ ದೇವರ ಎಡಗಾಲಿನ ಹತ್ತಿರ ಬಿದ್ದಿತ್ತು.

ಈಗ ಹೇಳಿ, ಬೀಳಿಸಿದ್ದು ಯಾರು? ಅಯ್ಯನವರು ಅರ್ಧ ತಿರುಗಿಸಿದ್ದರೆ ನಾನು. ಪೂರ್ತಿ ಸುತ್ತಿಸಿದ್ದರೆ ವೀರಭದ್ರ. ನಾನು ತಟ್ಟೆ ಮುಟ್ಟದೇ ಇದ್ದಿದ್ದರೆ — ಅದು ಇನ್ನೊಂದು ಲೆಕ್ಕ. ಹಾಕಿ ಹಾಕಿ ತಲೆ ಕೆಟ್ಟಿದೆ. ಮದುವೆಯಾದ ಮೇಲೆ ಮನೆಯಲ್ಲಿ ಯಾರೂ ಇಲ್ಲದಾಗ ಒರಳುಕಲ್ಲಿಗೆ ಹೂ ಅಂಟಿಸಿ ನೋಡಿದ್ದೇನೆ. ಒಮ್ಮೆ ಎಣ್ಣೆಯದು ಮೊದಲು ಬೀಳುತ್ತದೆ, ಒಮ್ಮೆ ಎಣ್ಣೆ ಇಲ್ಲದ್ದು. ನನ್ನ ಗಂಡನ ತಾಯಿ ಅದನ್ನು ನೋಡಿ, ಒರಳನ್ನೂ ಪೂಜೆ ಮಾಡುತ್ತಾಳೆ ನಮ್ಮ ಸೊಸೆ ಅಂತ ಓಣಿಗೆಲ್ಲ ಹೇಳಿಕೊಂಡಳು.

"ಬ್ಯಾಡ ಅಂದಾನ," ಅಂದ ದೊಡ್ಡಪ್ಪ. "ಗಂಟು ಬಿಚ್ಚರಿ."

ಆಗ ನಾನು ಬಾಯಿ ಬಿಡಬಹುದಿತ್ತು. ಒಂದು ಏಟು ಬೀಳುತ್ತಿತ್ತು, ಇನ್ನೊಮ್ಮೆ ಹೂ ಹಚ್ಚುತ್ತಿದ್ದರು. ಗಂಗತ್ತಿ ಬಗ್ಗಿ ಆ ಹೂ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬೆರಳಿಗೆ ಬೆರಳು ಉಜ್ಜಿದಳು. ಎಣ್ಣೆ ಹತ್ತಿತ್ತೋ, ಬರೀ ನೀರೋ? ನನ್ನನ್ನು ನೋಡಿದಳೋ, ನನ್ನ ಹಿಂದಿನ ಬಾಗಿಲನ್ನೋ?

"ನಡಿ ಪಾರಿ, ಮನಿಗೆ ಹೋಗೂನು," ಅಂದಳು. ಸೆರಗಿನ ತುದಿಯನ್ನು ತಾನೇ ನನ್ನ ಕೈಗೆ ಕೊಟ್ಟಳು.

ಬುಟ್ಟಿಯ ರೊಟ್ಟಿಯನ್ನು ಮನೆಯವರೆಲ್ಲ ದಿನಗಟ್ಟಲೆ ತಿಂದೆವು. ಗಂಗತ್ತಿ ಎಲ್ಲರಿಗೂ ಬಡಿಸಿದಳು. ಮುಂದಿನ ಬೇಸಿಗೆ ಇನ್ನೊಮ್ಮೆ ಕೇಳಿ ನೋಡೋಣ ಅಂತ ದೊಡ್ಡವ್ವ ಅನ್ನುವಷ್ಟರಲ್ಲಿ, ಸಮುದ್ರದ ಕಡೆಯ ಊರಿಗೆ ಬಾಂಬು ಬಿತ್ತಂತೆ ಅಂತ ಪೇಟೆಯಲ್ಲಿ ಸುದ್ದಿ ಬಂತು. ಬಿದ್ದದ್ದು ಮೂಡಣ ಸಮುದ್ರದ ಕಡೆ. ನಮ್ಮವರು ಹೊರಟಿದ್ದದ್ದು ಪಡುವಣಕ್ಕೆ. ದೊಡ್ಡಪ್ಪನಿಗೆ ಸಮುದ್ರ ಎಲ್ಲ ಒಂದೇ. ಬಂದವರಿಗೆಲ್ಲ ಹೇಳತೊಡಗಿದ — ನಮ್ಮ ವೀರಭದ್ರನಿಗೆ ವರ್ಷ ಮೊದಲೇ ಗೊತ್ತಿತ್ತು ನೋಡಿ. ಆಮೇಲೆ ಗಂಗತ್ತಿ ಸಮುದ್ರದ ಹೆಸರು ಎತ್ತುವ ಹಾಗೇ ಇರಲಿಲ್ಲ. ದೇವರು ಉಳಿಸಿಕೊಂಡ ಜೀವ ಅದು. ದೇವರ ಮಾತು ದಾಟಿ ಕಳಿಸುವವರು ಯಾರು? ಮಂತ್ರಾಲಯದ ಹೊಳೆಯ ತನಕ ಹೋಗಿ ಬಂದಳು ಒಮ್ಮೆ. ಅಷ್ಟೇ.

ಇಷ್ಟೇ ಆಗಿದ್ದರೆ ಹುಡುಗಾಟದ ತಪ್ಪು ಅನ್ನಬಹುದಿತ್ತು. ಇನ್ನೊಂದಿದೆ. ಅದನ್ನು ದೊಡ್ಡವಳಾದ ಮೇಲೆ ಮಾಡಿದ್ದು.

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಮದರಾಸಿಗೆ ಕರೆದುಕೊಂಡು ಹೋದರು. ನಾನು ಸಮುದ್ರ ನೋಡಿದೆ. ತವರಿಗೆ ಬಂದಾಗ ಗಂಗತ್ತಿ ಎಲ್ಲರೂ ಎದ್ದು ಹೋಗುವ ತನಕ ಕಾದಳು. ಪಕ್ಕಕ್ಕೆ ಬಂದು ಕೂತಳು. ಎಷ್ಟೋ ಹೊತ್ತು ಶೇಂಗಾ ಒಡೆಯುತ್ತಾ ಕೂತು, ತಲೆ ಎತ್ತದೆ ಕೇಳಿದಳು.

"ಹೆಂಗೈತಿ ಪಾರಿ?"

ನಾನು ಏನು ಹೇಳಬೇಕಿತ್ತು? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಾನು ಕಿತ್ತುಕೊಂಡದ್ದು ಎಷ್ಟು ದೊಡ್ಡದು ಅಂತ ಆಕೆಗೆ ಗೊತ್ತಾಗುತ್ತಿತ್ತು. ಅಥವಾ ನನಗೇ.

"ಏನಿಲ್ಲತ್ತಿ," ಅಂದೆ. "ದೊಡ್ಡ ಕೆರಿ ಇದ್ದಂಗ ಐತಿ. ಉಪ್ಪು ನೀರು, ವಾಸನಿ."

"ಹೌದಾ," ಅಂದಳು. ಒಂದು ಕಾಯಿ ಒಡೆದು ಬೀಜ ನನ್ನ ಕೈಗೆ ಹಾಕಿದಳು. "ಹಂಗಾರ ಹೋಗದಿದ್ದದ್ದ ಛಲೋ ಆತು ಬಿಡು."

ನಂಬಿದಳೋ, ನನಗಾಗಿ ನಂಬಿದ ಹಾಗೆ ಮಾಡಿದಳೋ — ಅದೂ ಗೊತ್ತಿಲ್ಲ. ಆಮೇಲೂ ಬಹಳ ವರ್ಷ ಇದ್ದಳು. ಹೇಳಲು ನನಗೆ ಎಷ್ಟೋ ಮಧ್ಯಾಹ್ನಗಳು ಸಿಕ್ಕಿದ್ದವು. ಹೇಳಲಿಲ್ಲ. ಸಮುದ್ರ ಕೆರೆಯ ಹಾಗೆ ಇರುತ್ತದೆ ಅನ್ನುವ ಮಾತಷ್ಟೇ ಕೇಳಿ ಹೋದಳು.

ಅತ್ತೀ, ಅದು ಕೆರೆಯ ಹಾಗೆ ಇರಲಿಲ್ಲ. ಕೆರೆಗೆ ಆಚೆ ದಡ ಇರುತ್ತದೆ — ಎಮ್ಮೆ ಕಾಣುತ್ತದೆ, ಬಟ್ಟೆ ಒಗೆಯುವವರು ಕಾಣುತ್ತಾರೆ. ಇದಕ್ಕೆ ಆಚೆ ಏನೂ ಇರಲಿಲ್ಲ. ನೋಡಿದಷ್ಟೂ ಅದೇ, ಆಮೇಲೆ ಆಕಾಶ. ನೀರು ಬಂದು ಕಾಲು ಮುಟ್ಟಿ ತಿರುಗಿ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನೆಲ್ಲ ಎಳೆದುಕೊಂಡು ಹೋಯಿತು. ನಿಂತ ನೆಲವೇ ನಡೆದುಹೋದ ಹಾಗೆ... ಹೆದರಿಕೆಯೋ ಸಂತೋಷವೋ ತಿಳಿಯಲಿಲ್ಲ. ಅತ್ತೀ ಅಂತ ಕೂಗಿದೆ. ದಂಡೆಯ ಮೇಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ.

ನನ್ನ ಗಂಡ ಓಡಿ ಬಂದು, ಯಾರನ್ನು ಕರೆದಿ ಅಂತ ಕೇಳಿದರು.

ಯಾರನ್ನೂ ಇಲ್ಲ, ಅಂದೆ.