ಒಂದು ಸೊನ್ನೆ ಹೆಚ್ಚಾದ ಮಧ್ಯಾಹ್ನ

ಮೊನ್ನೆ ಮಂಗಳವಾರ, ಎರಡನೇ ಪೀರಿಯಡ್. ನಾನು ಕಲಿಸುವ ಒಂದನೇ ಕ್ಲಾಸಿನ ಮಗುವೊಂದು ನೆಲದ ಮೇಲೆ ಬರೆದ ಅಂಕಿಯನ್ನು ಒದ್ದೆ ಕೈಯಿಂದ ಒರೆಸಿತು. ಹಸಿ ಸೀಮೆಸುಣ್ಣದ ವಾಸನೆ ಬಂದದ್ದೇ ತಡ, ಎಲ್ಲೋ ಲಿಫ್ಟು ಏರುವ ಸದ್ದು ಕೇಳಿದಂತಾಗಿ ನನ್ನ ಎದೆ ಧಸಕ್ಕೆಂದಿತು. ನಮ್ಮ ಶಾಲೆಯಲ್ಲಿ ಲಿಫ್ಟ್ ಇಲ್ಲ. ಹೀಗಾದದ್ದು ಈ ವರ್ಷ ನಾಲ್ಕನೇ ಸಲ, ಡೈರಿಯಲ್ಲಿದೆ.

ನನಗಾಗ ಏಳು ವರ್ಷ. ವಿಜಯಪುರದ ಕಡೆಯಿಂದ ಬಂದು ಮುಂಬೈಯ ವಡಾಲದ ಒಂದು ಹನ್ನೆರಡು ಮಹಡಿಯ ಬಿಲ್ಡಿಂಗಿನಲ್ಲಿ ಬಾಡಿಗೆಗೆ ಇಳಿದು ಎರಡು ತಿಂಗಳಾಗಿತ್ತು. ನಮ್ಮದು ಮೂರನೇ ಮಹಡಿ. ಮೊದಲ ಮಹಡಿಯ ನೂರ ಎರಡರಲ್ಲಿ ಟೀಚರ್ ಇದ್ದರು. ಉಡುಪಿ ಕಡೆಯವರು, ಬಾಲವಾಡಿಯಲ್ಲಿ ಕಲಿಸಿ ನಿವೃತ್ತರಾದವರು. ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಬೆಳಿಗ್ಗೆ ಹೋದರೆ ರಾತ್ರಿಯೇ ಬರುತ್ತಿದ್ದ.

ದಿನಾ ನಾಲ್ಕು ಗಂಟೆಗೆ ಅವರು ಲಿಫ್ಟಿನ ಮುಂದೆ ನಮ್ಮನ್ನು ಕೂರಿಸುತ್ತಿದ್ದರು. ಏಳು ಮಕ್ಕಳು. ನೆಲದ ಟೈಲ್ಸೇ ಪಾಟಿ. ಒಂದು ಟೈಲಿಗೆ ಒಂದೇ ಅಂಕಿ.

"ಲೋಕಲ್ ಟ್ರೈನಲ್ಲಿ ಸೀಟಿಗೆ ಕರ್ಚೀಫು ಇಡ್ತಾರಲ್ಲ, ಸೊನ್ನೆ ಅಂದ್ರೆ ಅದೇ. ಯಾರೂ ಕೂತಿಲ್ಲ, ಆದ್ರೆ ಜಾಗ ಉಂಟು. ಒಂದು ಸೀಟಿಗೆ ಒಂದೇ ಕರ್ಚೀಫು, ಆಯ್ತಾ?"

"ಕರ್ಚೀಫು ಯಾರಾದ್ರೂ ಕದ್ರೆ, ಟೀಚರ್?" ಒಬ್ಬ ಹುಡುಗ ಕೇಳಿದ.

"ಆಗ ನಾನು ನೂರ ಎರಡಲ್ಲಿ ಇರೂದಿಲ್ಲ ಮಾರಾಯ, ಹನ್ನೆರಡಲ್ಲಿ ಇರ್ತೇನೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಅರ್ಥವಾಗದೆ. ನನ್ನ ಲೆಕ್ಕದಲ್ಲಿ ನೂರು ಎಂದರೆ 100, ಎರಡು ಎಂದರೆ 2. ಕೇಳಿದ ಹಾಗೇ ಒಂದರ ಹಿಂದೆ ಒಂದು ಬರೆಯಬೇಕು. ಆದರೆ ಹಾಗೆ ಬರೆದರೆ ನಗುತ್ತಾರೆಂಬ ಹೆದರಿಕೆಯಿಂದ ಪಕ್ಕದ ಹುಡುಗಿಯ ಟೈಲ್ಸ್ ನೋಡಿ ಬರೆಯುತ್ತಿದ್ದೆ. ನನ್ನ ಉತ್ತರ ಯಾವತ್ತೂ ಸರಿ. ಟೀಚರ್ ತಲೆ ಸವರಿ ಮುಂದೆ ಹೋಗುತ್ತಿದ್ದರು…

ಒಂದು ಬುಧವಾರ ಮೂರೂವರೆಗೇ ಇಳಿದೆ, ಆ ಹುಡುಗಿಯ ಪಕ್ಕದ ಜಾಗ ಹಿಡಿಯಲು. ಟೀಚರ್ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದರು. ಉಸಿರು ಎಳೆದಾಗಲೆಲ್ಲ ಸೀಟಿಯಂಥ ಸದ್ದು. ತುಟಿ ನೀಲಿಗಟ್ಟಿತ್ತು.

"ವಾಚ್‌ಮನ್… ಡಾಕ್ಟರ್… ಓಡು."

ಗೇಟಿನಲ್ಲಿದ್ದ ವಾಚ್‌ಮನ್ ಹೊಸಬ, ಬಂದು ಮೂರು ದಿನವಾಗಿತ್ತು. "ಟೀಚರ್, ಡಾಕ್ಟರ್" ಎಂದೆ.

"ಕೌನ್ಸಾ ಟೀಚರ್? ರೂಮ್ ನಂಬರ್ ಬೋಲ್!"

"ನೂರ ಎರಡು."

"ಕ್ಯಾ?"

ಹಿಂದಿಯ ಅಂಕಿ ನನಗೆ ಬರುತ್ತಿರಲಿಲ್ಲ. ಹೊಸದಾಗಿ ಬಣ್ಣ ಬಳಿದವರು ಬಾಗಿಲುಗಳ ನಂಬರುಗಳನ್ನೆಲ್ಲ ಮುಚ್ಚಿಹಾಕಿದ್ದರಿಂದ ಕಣ್ಣಿನ ನೆನಪೂ ಇರಲಿಲ್ಲ. ಅವನು ರಿಜಿಸ್ಟರ್ ತಿರುಗಿಸಿ ಪೆನ್ನು ಕೊಟ್ಟ. ನೋಡಿ ಬರೆಯಲು ಪಕ್ಕದಲ್ಲಿ ಯಾರೂ ಇಲ್ಲ. ಬರೆದೆ: 1002.

ಅವನು ಎದುರಿನ ದವಾಖಾನೆಗೆ ಓಡಿದ. ನಾನು ಹಿಂದಿರುಗಿ ಟೀಚರ್ ಕೈ ಹಿಡಿದು ಕೂತೆ. ಕೈ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಲಿಫ್ಟ್ ಹೊರಟ ಸದ್ದು. ಲಿಫ್ಟಿನ ಬಾಗಿಲ ಮೇಲೆ ಕೆಂಪಗೆ 1 ಹೊತ್ತಿತು.

"ಬಂದ್ರು, ಟೀಚರ್."

ನಿಲ್ಲಲಿಲ್ಲ. 2. 3. 4… ಟೀಚರ್ ಕಣ್ಣೂ ಆ ಅಂಕಿಗಳ ಮೇಲೇ ಇತ್ತು. 10ರಲ್ಲಿ ನಿಂತಿತು. ಬರೆದು ಡಾಕ್ಟರನ್ನು ಅಲ್ಲಿಗೆ ಕಳಿಸಿದವಳು ನಾನೇ.

ಮೆಟ್ಟಿಲು ಹತ್ತಿ ಓಡಿದೆ. "ಕೆಳಗ ಅದಾರ್ರೀ! ಕೆಳಗ!" ಎಂದು ಕಿರುಚುತ್ತಿದ್ದೆ. ಬಾಗಿಲುಗಳು ತೆರೆದವು, ನನ್ನ ಮಾತು ಯಾರಿಗೂ ತಿಳಿಯಲಿಲ್ಲ. ಹತ್ತನೇ ಮಹಡಿಯಲ್ಲಿ ವಾಚ್‌ಮನ್, ಡಾಕ್ಟರು ಇಬ್ಬರೂ ಬೀಗ ಹಾಕಿದ ಮನೆಯ ಮುಂದೆ ನಿಂತಿದ್ದರು.

"ಪಾಗಲ್ ಲಡ್ಕೀ, ಮಜಾಕ್ ಹೈ ಕ್ಯಾ?" ಎಂದು ವಾಚ್‌ಮನ್ ಕೈ ಎತ್ತಿದ. ನಾನು ಡಾಕ್ಟರ ಬ್ಯಾಗು ಹಿಡಿದು ಎಳೆದೆ. ನನ್ನ ಮುಖ ನೋಡಿ ಡಾಕ್ಟರು ಲಿಫ್ಟಿಗೆ ನುಗ್ಗಿದರು. ನಾವು ಇಳಿದು ಬರುವಷ್ಟರಲ್ಲಿ ಟೀಚರ್ ತಲೆ ಭುಜಕ್ಕೆ ವಾಲಿತ್ತು.

ಅವರನ್ನು ಆಸ್ಪತ್ರೆಗೆ ಒಯ್ದ ದಿನದಿಂದ ನಮ್ಮ ಬಾಗಿಲ ಹಿಂದೆ ದಿನಕ್ಕೊಂದು ಗೆರೆ ಎಳೆದೆ. ಅವ್ವ "ಏನಾತವಾ, ಯಾಕ ಉಣ್ಣವಲ್ಲಿ?" ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಪೊಲೀಸರು ಬರುತ್ತಾರೆಂದೇ ನಂಬಿದ್ದೆ. ಹನ್ನೊಂದು ಗೆರೆಗಳಾದವು. ಹನ್ನೆರಡನೇ ದಿನ ಟೀಚರ್ ಬಂದರು, ದಾರದಂಥ ಧ್ವನಿ ಹೊತ್ತುಕೊಂಡು. ತಮ್ಮ ಅವರನ್ನು ಉಡುಪಿಗೆ ಕರೆದುಕೊಂಡು ಹೋಗುವವನಿದ್ದ.

ಹೊರಡುವ ಮುನ್ನ ನನ್ನೊಬ್ಬಳನ್ನೇ ಕರೆಸಿದರು. ಸೀಮೆಸುಣ್ಣ ಕೊಟ್ಟು, "ನನ್ನ ರೂಮ್ ನಂಬರ್ ಬರಿ" ಎಂದರು. ಬಗ್ಗಿ ಬರೆದೆ. ಮೂರು ಟೈಲ್ಸ್, ಮೂರು ಅಂಕಿ.

"ನೀನು ನೋಡಿ ಬರೀತಿದ್ದದ್ದು ನಂಗೆ ಗೊತ್ತಿತ್ತು ಮಗಾ. ಉತ್ತರ ಸರಿ ಬರ್ತದಲ್ಲ ಅಂತ ಬಿಟ್ಟೆ. ತಪ್ಪು ನಂದೂ ಉಂಟು."

ಕ್ಷಮೆ ಕೇಳುವುದೂ ನನಗೆ ಬರುತ್ತಿರಲಿಲ್ಲ… ಎರಡು ವರ್ಷದ ಮೇಲೆ ತಮ್ಮ ಒಬ್ಬನೇ ಬಂದು ಮನೆ ಖಾಲಿ ಮಾಡಿದ. ಟೀಚರ್ ತೀರಿಕೊಂಡಿದ್ದರು.

ಮೊನ್ನೆ ನನ್ನ ಕ್ಲಾಸಿನ ಇಪ್ಪತ್ಮೂರು ಮಕ್ಕಳೂ ನೂರ ಎರಡನ್ನು ಸರಿಯಾಗಿ ಬರೆದರು. ತಪ್ಪು ಬರೆದರೆ ನನಗೆ ಭಯವಿಲ್ಲ. ಎಲ್ಲ ಸರಿ ಇದ್ದಾಗಲೇ ಭಯ. ಪಕ್ಕಕ್ಕೆ ಕಣ್ಣು ಹಾಯಿಸಿದಂತೆ ಕಂಡ ಒಬ್ಬ ಹುಡುಗಿಯನ್ನು ಕಿಟಕಿಯ ಹತ್ತಿರ ಒಂಟಿಯಾಗಿ ಕೂರಿಸಿದೆ. ಬರೆದಳು. ಸರಿಯಿತ್ತು. ಇನ್ನೊಂದು ಸಲ ಎಂದೆ. ಸರಿಯಿತ್ತು. ಇನ್ನೊಂದು ಸಲ.

"ಬರದೀನಲ್ರೀ, ಟೀಚರ್…"

ಏಳನೇ ಸಲಕ್ಕೆ ಅವಳ ಕೈ ನಿಂತಿತು. ಅವಳು ಅಂಕಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಹೆದರಿದ್ದಳು, ನನಗೆ. ಎಷ್ಟು ಸಲ ಬರೆಸಿದರೆ ಸಾಕು ಎಂದು ಟೀಚರನ್ನು ಕೇಳಬೇಕಿತ್ತು. ಅವರಿಲ್ಲ.