ಮಾಸ್ತರರು ಕೂತ ವಿಮಾನ

ಇಂಡಿ ಪಟ್ಟಣದಲ್ಲಿ ವಿಮಾನದೊಳಗೆ ಕೂತು ಬಂದವರು ಬೇಕಾದಷ್ಟು ಜನ ಸಿಗುತ್ತಾರೆ. ವಿಮಾನದ ಮೇಲೆ ಕೂತವರು ಸುಭಾಸ ಮಾಸ್ತರರು ಒಬ್ಬರೇ.

ಗುರುವಾರ ಶಾಲೆ ಬಿಟ್ಟ ಮೇಲೆ ಅವರು ಜೋಳದ ಡಬ್ಬಿ ಹೊತ್ತು ಗೆಳೆಯ ಅಮೋಘಸಿದ್ಧನ ಹಿಟ್ಟಿನ ಗಿರಣಿಗೆ ಬಂದರು. ಬೀಸಿಸಿಕೊಳ್ಳಲು ಬಂದ ಹೆಣ್ಣುಮಕ್ಕಳ ಪಾಳಿ ಬಾಗಿಲ ತನಕ ಇತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ತಾವೇ ಡಬ್ಬಿ ಹಿಡಿದು ಪಾಳಿ ನಿಂತರೆ ಆ ಭಾಷೆಯ ಮರ್ಯಾದೆ ಏನಾಗಬೇಕು? ಡಬ್ಬಿಯನ್ನಷ್ಟೇ ಪಾಳಿಗೆ ನಿಲ್ಲಿಸಿ, ಒಳಕೋಣೆಗೆ ಹೋಗಿ, ಕೌದಿ ಹಾಸಿದ ಹೊರಸಿನ ಮೇಲೆ ಮೈಭಾರ ಬಿಟ್ಟು ಕೂತರು. ಕೂತದ್ದಕ್ಕಿಂತ ಬೇಗ ಎದ್ದರು. ಏಳುವಾಗ ಒಬ್ಬರೇ ಏಳಲಿಲ್ಲ. ಮುಕ್ಕಾಲು ಗೇಣಿನ ಒಂದು ವಿಮಾನ, ತನ್ನ ಬಾಲವನ್ನು ಅವರ ಪ್ಯಾಂಟಿಗೆ ಸಿಗಿಸಿಕೊಂಡು, ಜೊತೆಗೇ ಮೇಲೆದ್ದಿತು.

ಒಂದು ಕೈ ಹಿಂದಿಟ್ಟು, ಅರ್ಧ ಬಗ್ಗಿ ಹೊರಬಂದ ಮಾಸ್ತರರನ್ನು ಮೊದಲು ಕಂಡವಳು ಅಮೋಘಸಿದ್ಧನ ತಾಯಿ ರೇವವ್ವ.

“ಯಾಕೋ ಮಾಸ್ತರ, ಕಾವಿಗಿ ಕುಂತಿದ್ದೇನ? ತತ್ತಿ ಒಡೀತೇನ?”

ಗಿರಣಿಯ ಸಪ್ಪಳವನ್ನೂ ಮೀರಿ ಪಾಳಿಗೆ ಪಾಳಿಯೇ ನಕ್ಕಿತು. ನಕ್ಕವರಲ್ಲಿ ಅರ್ಧ ಜನರ ಮಕ್ಕಳು ಮಾಸ್ತರರ ವಿದ್ಯಾರ್ಥಿಗಳು. ಮರುದಿನ ತರಗತಿಗೆ ಹೋಗುವುದು ಹೇಗೆಂಬ ಚಿಂತೆ ಅವರಿಗೆ ಅಲ್ಲೇ ಹುಟ್ಟಿತು.

ಅಮೋಘಸಿದ್ಧ ನಗಲಿಲ್ಲ. ಗಿರಣಿ ಬಂದ್ ಮಾಡಿದ. ಬೀಸುವ ನಡುವೆ ಆ ಗಿರಣಿ ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಅಂದು ಕರೆಂಟು ಚೆನ್ನಾಗಿಯೇ ಇತ್ತು. ಮಾಸ್ತರರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕುರಿಯ ಗೊರಸಿನಿಂದ ಮುಳ್ಳು ತೆಗೆಯುವ ನಾಜೂಕಿನಿಂದ ವಿಮಾನ ಬಿಡಿಸಿದ. ಬಾಲ ಗಟ್ಟಿಯಾಗಿತ್ತು. ಆದರೆ ಮೂಗಿನ ಕೆಳಗಿನ ಸಣ್ಣ ಗಾಲಿ ಮುರಿದು ಕೌದಿಯ ಮೇಲೆ ಬಿದ್ದಿತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮಾರು ಹೊತ್ತು ನೋಡಿದ.

“ರವಿವಾರ ಇದನ್ನ ಬಾಗೇವಾಡಿಗಿ ಒಯ್ಯೂದಿತ್ತು,” ಎಂದ. ಅಷ್ಟೇ. ನಾಲ್ಕು ಮಾತು ಬೈದಿದ್ದರೆ ಮಾಸ್ತರರಿಗೆ ಹಗುರಾಗುತ್ತಿತ್ತು.

ಇದು ಆಟಿಕೆಯ ವಿಮಾನವಲ್ಲ. ಲೋಹವನ್ನು ಅಚ್ಚಿಗೆ ಹೊಯ್ದು ಮಾಡುವ ಡೈಕಾಸ್ಟ್ ಮಾದರಿ. ನಿಜವಾದ ವಿಮಾನ ಎಷ್ಟಿದೆಯೋ ಅದರ ನಾಲ್ಕುನೂರರ ಒಂದು ಪಾಲು. ಅದೇ ಅಳತೆಗೆ ಇಳಿಸಿದರೆ ಸುಭಾಸ ಮಾಸ್ತರರು ಒಂದು ಜೋಳದ ಕಾಳಿನಷ್ಟು ಆಗುತ್ತಾರೆ. ಆ ಗುರುವಾರ ಸಂಜೆ ಯಾರೂ ಇಳಿಸದೆಯೇ ಅವರು ಅಷ್ಟಾಗಿದ್ದರು.

ಅಮೋಘಸಿದ್ಧ ತಾಂಬಾದ ಕುರಿ ಕಾಯುವ ಮನೆತನದವನು. ಅಣ್ಣಂದಿರು ಕುರಿ ಹಿಡಿದರು, ಇವನು ಇಂಡಿಗೆ ಬಂದು ಗಿರಣಿ ಹಿಡಿದ. ಮೂರು ಹೊತ್ತೂ ಹಿಟ್ಟು ಹಾರುವ ಜಾಗದಲ್ಲಿ, ಒಳಕೋಣೆಯ ಗಾಜಿನ ಕಪಾಟಿನೊಳಗೆ, ದೇಶದೇಶಗಳ ವಿಮಾನಗಳ ಒಂದು ಹಿಂಡನ್ನೇ ಕಟ್ಟಿ ನಿಲ್ಲಿಸಿದ್ದಾನೆ. ಒಮ್ಮೆಯೂ ವಿಮಾನ ಹತ್ತಿದವನಲ್ಲ. ಹತ್ತಬೇಕೆಂಬ ಆತುರವೂ ಇಲ್ಲ. “ಒಳಗ ಕುಂತ್ರ ವಿಮಾನ ಕಾಣೂದಿಲ್ಲ,” ಎನ್ನುವುದು ಅವನ ತರ್ಕ. ರೇವವ್ವನಿಗೆ ಮಾತ್ರ ಸಮಾಧಾನವಿಲ್ಲ. ಮನೆಗೆ ಬೀಗರು ಬಂದಾಗಲೆಲ್ಲ ಅವರ ಮುಂದೆಯೇ ಕೇಳುತ್ತಾಳೆ:

“ಇಷ್ಟೊಂದರಾಗ ಒಂದರ ಹಾರ್ತೈತೇನೋ ತಮ್ಮಾ?”

“ಇಲ್ಲಬೇ.”

“ಹಂಗಾರ ಯಾಕೋ ಇವು?”

“ನಮ್ಮ ಕುರಿ ಹಾರ್ತಿದ್ದವೇನ?”

ಈ ಹುಚ್ಚಿನವರು ಜಗತ್ತಿನಲ್ಲಿ ಇನ್ನೂ ಇದ್ದಾರೆ ಎಂದು ಅವನಿಗೆ ಮೊಬೈಲು ಹೇಳಿಕೊಟ್ಟಿತು. ಫೇಸ್‌ಬುಕ್ಕಿನ ಒಂದು ಗುಂಪಿಗೆ ಸೇರಿದ. ಅಲ್ಲೆಲ್ಲ ಇಂಗ್ಲಿಷು. ಸುಭಾಸ ಮಾಸ್ತರರು ಬರೆದುಕೊಡುವ ಹೊಣೆ ಹೊತ್ತರು. ಮಾಸ್ತರರ ಇಂಗ್ಲಿಷು ರಜೆ ಅರ್ಜಿಯಲ್ಲಿ ಪಳಗಿದ್ದು; ಹೀಗಾಗಿ ಅಮೋಘಸಿದ್ಧ ಯಾರದೋ ವಿಮಾನ ಚಂದ ಇದೆ ಎನ್ನಬೇಕಾದರೂ, ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಎಂದೇ ಶುರುವಾಗಿ, ತಮ್ಮ ವಿಧೇಯ ಎಂದು ಮುಗಿಯುತ್ತಿತ್ತು. ಇವನು ಯಾವುದೋ ರಾಜಮನೆತನದವನಿರಬೇಕು ಎಂದು ಗುಂಪಿನ ಒಬ್ಬಿಬ್ಬರು ನಂಬಿದ್ದರು.

ಒಂದು ದಿನ ಅಮೋಘಸಿದ್ಧ ಕಪಾಟಿನ ಬಾಗಿಲು ಹಾಕುವುದನ್ನು ಮರೆತ. ಸಂಜೆಯ ಹೊತ್ತಿಗೆ ವಿಮಾನಗಳ ಮೇಲೆಲ್ಲ ನವಿರಾಗಿ ಹಿಟ್ಟು ಕೂತಿತ್ತು. ಬೆಳಕು ಚೆನ್ನಾಗಿತ್ತೆಂದು ಹಾಗೆಯೇ ಫೋಟೋ ತೆಗೆದು ಹಾಕಿದ. ಫಿನ್‌ಲ್ಯಾಂಡಿನವರೊಬ್ಬರು, ಹಿಮವನ್ನು ಇಷ್ಟು ನೈಜವಾಗಿ ಮಾಡಿದವರನ್ನು ತಾನು ನೋಡಿಲ್ಲ ಎಂದರು. ಕೆನಡಾದವರು ಹಿಮಕ್ಕೆ ಏನು ಬಳಸಿದಿರಿ ಎಂದು ಕೇಳಿದರು. ಮಾಸ್ತರರು ವಿಧೇಯತೆಯಿಂದ ಉತ್ತರ ಬರೆಯುತ್ತಿರುವಾಗಲೇ, ಕೆಳಗೆ ಕನ್ನಡದಲ್ಲಿ ಒಂದು ಸಾಲು ಬಂತು:

“ಬಿಳಿಜ್ವಾಳದ ಹಿಟ್ಟು ಅಲ್ಲೇನ್ರಿ ಅದು? ಎಲ್ಲಿ ಗಿರಣಿ?”

ಬರೆದವನು ಮುದ್ದೇಬಿಹಾಳದ ಕುತುಬುದ್ದೀನ. ಔಷಧ ಅಂಗಡಿ ಇಟ್ಟವನು. ಅಂಗಡಿಯಲ್ಲಿ ಕೆಮ್ಮಿನ ಔಷಧದ ಬಾಟಲಿಗಳ ಹಿಂದೆ ವಿಮಾನಗಳನ್ನು ಇಟ್ಟವನು. ಒಂದು ವರ್ಷದಿಂದ ಇಬ್ಬರೂ ಒಬ್ಬರ ಫೋಟೋಕ್ಕೆ ಇನ್ನೊಬ್ಬರು ಇಂಗ್ಲಿಷಿನಲ್ಲಿ ಶಹಬ್ಬಾಸ್ ಹೇಳುತ್ತಿದ್ದರು, ಒಂದೇ ಜಿಲ್ಲೆಯವರೆಂದು ಗೊತ್ತಿಲ್ಲದೆ. ಆಮೇಲೆ ಸಿಂದಗಿಯ ಸ್ಟಾಫ್ ನರ್ಸ್ ಪ್ರಿಯದರ್ಶಿನಿ ಸಿಕ್ಕಳು, ಬಸವನ ಬಾಗೇವಾಡಿಯಲ್ಲಿ ಖಾನಾವಳಿ ನಡೆಸುವ ಕಾಂತು ಸಿಕ್ಕ. ವಾಟ್ಸಾಪಿನಲ್ಲಿ ನಾಲ್ವರದೇ ಒಂದು ಗುಂಪಾಯಿತು. ಹೆಸರು: ‘ನಾಕು ತಾಲೂಕಿನ ವಿಮಾನ ನಿಲ್ದಾಣ’. ನಿಯಮ ಬರೆದವಳು ಪ್ರಿಯದರ್ಶಿನಿ. ವಿಮಾನಕ್ಕೆ ಗಾಯವಾಗಿದ್ದರೆ ಅದಲುಬದಲಿಗೆ ಹೊರಡುವ ಮೊದಲೇ ಹೇಳಬೇಕು, ಇದು ಅದರಲ್ಲಿ ಮುಖ್ಯವಾದದ್ದು.

ಕುತುಬುದ್ದೀನನ ಹತ್ತಿರ ಒಂದು ಜಂಬೋ ವಿಮಾನದ ಮಾದರಿ ಇತ್ತು. ಕಿಟಕಿಗೊಂದು ಕೆಂಪು ಕಮಾನು ಬರೆದ, ಏರ್ ಇಂಡಿಯಾದ ಹಳೆಯ ಜಂಬೋ. ಅದರ ಚಿತ್ರ ಮೊದಲ ಸಲ ಗುಂಪಿಗೆ ಬಂದಾಗ ಅಮೋಘಸಿದ್ಧ ಮೊಬೈಲನ್ನು ಮಾಸ್ತರರ ಮೂಗಿಗೆ ಹಿಡಿದಿದ್ದ.

“ನೆನಪೈತೇನ?”

ಮಾಸ್ತರರಿಗೆ ಇರಲಿಲ್ಲ.

“ನಿನ್ನ ಕಂಪಾಸ್ ಪೆಟ್ಟಿಗಿ, ಲೇ. ತಾಂಬಾ ಸಾಲ್ಯಾಗ. ಮುಚ್ಚಳದ ಮ್ಯಾಲ ಇದ ವಿಮಾನ ಇತ್ತು. ನೀ ಲೆಕ್ಕ ಮಾಡ್ತಿದ್ದಿ, ನಾ ವಿಮಾನ ನೋಡ್ತಿದ್ದೆ.”

ಆ ಲೆಕ್ಕಗಳೂ ಮಾಸ್ತರರಿಗೆ ನೆನಪಿರಲಿಲ್ಲ. ಪಕ್ಕದವನು ಮಾತ್ರ ಮುಚ್ಚಳವನ್ನು ಬಾಯಿಪಾಠ ಮಾಡಿಕೊಂಡು ಮೂವತ್ತೈದು ವರ್ಷ ಕಾದಿದ್ದ. ಜಂಬೋ ಕೊಡಲು ಕುತುಬುದ್ದೀನ ಒಪ್ಪಿದ್ದು ಒಂದೇ ಶರತ್ತಿಗೆ. ಅಮೋಘಸಿದ್ಧನ ಹತ್ತಿರವಿದ್ದ ಒಂದು ಬಿಳಿ ಗಲ್ಫ್ ವಿಮಾನ ಅವನಿಗೆ ಬೇಕು. ಅವನ ಅಬ್ಬಾ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಕೊಲ್ಲಿ ದೇಶಕ್ಕೆ ಹೋದದ್ದು ಅಂಥದೇ ವಿಮಾನದಲ್ಲಿ. ಹೀಗೆ ಅದಲುಬದಲು ಗೊತ್ತಾಯಿತು. ರವಿವಾರ, ಕಾಂತುವಿನ ಖಾನಾವಳಿಯಲ್ಲಿ. ಆ ಬಿಳಿ ವಿಮಾನದ ಕೊನೆಯ ಫೋಟೋ ತೆಗೆಯಲೆಂದೇ ಅಮೋಘಸಿದ್ಧ ಅದನ್ನು ಹೊರಸಿನ ಮೇಲೆ ಇಟ್ಟಿದ್ದ. ಮಾಸ್ತರರು ಕೂತದ್ದು ಅದರ ಮೇಲೆ.

ಶುಕ್ರವಾರ ಮಾಸ್ತರರು ಮೂರು ನಮೂನೆಯ ಗೋಂದು ತಂದರು. ಗಾಲಿ ಅವರ ಹೆಬ್ಬೆರಳಿಗೆ ಅಂಟಿತು, ತೋರುಬೆರಳಿಗೆ ಅಂಟಿತು, ಒಮ್ಮೆ ಕನ್ನಡಕಕ್ಕೂ ಅಂಟಿತು, ವಿಮಾನಕ್ಕೆ ಅಂಟಲಿಲ್ಲ. ಕೊನೆಗೆ ಅಮೋಘಸಿದ್ಧನೇ ಅಂಟಿಸಿದ. ಸ್ವಲ್ಪ ಸೊಟ್ಟಗೆ ನಿಂತಿತು.

“ಹೇಳೂದ ಬ್ಯಾಡ,” ಮಾಸ್ತರರು ಮೆಲ್ಲಗೆ ಅಂದರು. “ಯಾರ್ ಬಗ್ಗಿ ನೋಡ್ತಾರ?”

“ನಾ ಆದ್ರ ಬಗ್ಗಿ ನೋಡ್ತೇನಿ. ಹಂಗ ಅವ್ರೂ ನೋಡ್ತಾರ.”

“ಹಂಗಾರ ಈಗ ಫೋನ್ ಮಾಡಿ ಹೇಳಿಬಿಡು.”

“ಫೋನಿನ್ಯಾಗ ಹೇಳಿದ್ರ ಅವ್ರು ಬರೂದಿಲ್ಲ. ಎದುರಿಗೆ ಹೇಳೂಣು. ನೀನೂ ಬಾ. ಯಾರ್ ಕುಂತ್ರು ಅಂದ್ರ ತೋರಸಾಕ ಬೇಕಲ್ಲ.”

ರವಿವಾರ ಬೆಳಗ್ಗೆ ರೇವವ್ವ ಬುತ್ತಿ ಕಟ್ಟಿಕೊಟ್ಟಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ವಿಮಾನದ ಡಬ್ಬಿಯನ್ನೂ ಬಟ್ಟೆಯಲ್ಲಿ ಸುತ್ತಿ ತಾನೇ ಗಂಟು ಹಾಕಿದ್ದಳು. “ಹಾದ್ಯಾಗ ಬಿಚ್ಚಬ್ಯಾಡ್ರಿ. ಎಲ್ಲಾ ಮಾಡೇನಿ,” ಅಂದಳು. ಎಲ್ಲಾ ಅಂದರೆ ಏನೆಂದು ಇಬ್ಬರೂ ಕೇಳಲಿಲ್ಲ. ಬಸ್ಸು ಬಂದಿತ್ತು. ವಿಜಯಪುರದಲ್ಲಿ ಬಸ್ಸು ಬದಲಿಸಿ, ಬಾಗೇವಾಡಿ ಮುಟ್ಟುವ ತನಕ ಅಮೋಘಸಿದ್ಧ ಆ ಗಂಟನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದ. ಮಾಸ್ತರರು ದಾರಿಯುದ್ದಕ್ಕೂ, ಸೀಟು ಖಾಲಿಯಾದಾಗಲೆಲ್ಲ, ಒಮ್ಮೆ ಕೈಯಿಂದ ತಡವಿ ನೋಡಿಯೇ ಕೂತರು.

ಖಾನಾವಳಿಯ ಮೂಲೆಯ ಮೇಜನ್ನು ಕಾಂತು ಒರೆಸಿ ಬಿಳಿಬಟ್ಟೆ ಹಾಸಿದ್ದ. ಪ್ರಿಯದರ್ಶಿನಿ ಆಸ್ಪತ್ರೆಯ ಶಿಸ್ತಿನಲ್ಲಿ ಎಲ್ಲರ ಕೈ ತೊಳೆಸಿದಳು. ಕುತುಬುದ್ದೀನ ಮಾಸ್ತರರಿಗಿಂತ ಎಳೆಯ, ತೆಳ್ಳನೆಯ ಮನುಷ್ಯ. ತನ್ನ ಡಬ್ಬಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಯಾಕೋ ಬೆವರುತ್ತಿದ್ದ.

“ಮೊದಲ ಒಂದು ಮಾತು,” ಎಂದ ಅಮೋಘಸಿದ್ಧ. “ಇವ್ರು ಸುಭಾಸ ಮಾಸ್ತರ. ಇದರ ಮ್ಯಾಲ ಕುಂತಿದ್ರು. ಮೂಗಿನ ಗಾಲಿ ಮುರದೈತಿ. ಅಂಟಿಸೇನಿ. ಉಳದದ್ದು ಎಲ್ಲಾ ಬೆಳ್ಳಗ, ಹೊಸಾದ್ದರಂಗ ಐತಿ.”

ಮಾಸ್ತರರು ಎದ್ದು ಕೈ ಮುಗಿದರು. ಗಂಟು ಬಿಚ್ಚಲಾಯಿತು. ಡಬ್ಬಿ ತೆರೆಯಲಾಯಿತು.

ವಿಮಾನ ಹಳದಿಯಾಗಿತ್ತು. ಮೂಗಿನಿಂದ ಬಾಲದ ತನಕ, ರೆಕ್ಕೆಗಳ ಮೇಲೆ, ಕಿಟಕಿಗಳ ಸಾಲಿನ ಮೇಲೆ, ಕಣ್ಣು ಕೋರೈಸುವ ಹಳದಿ. ಮೂಗಿನ ಗಾಲಿಗೆ ಕರಿದಾರ. ಪಕ್ಕದಲ್ಲಿ, ವಿಮಾನದ ಹೊಟ್ಟೆಗಿಂತ ದಪ್ಪನೆಯ ಒಂದು ಲಿಂಬಿಹಣ್ಣು.

ಅಮೋಘಸಿದ್ಧ ಅಂದ, “ಅವ್ವ.”

ಅವರ ಮನೆಯ ಪದ್ಧತಿ ಅದು. ಗಾಡಿಗೆ ಅಪಘಾತವಾದರೆ, ಮತ್ತೆ ಹಾದಿಗೆ ಇಳಿಯುವ ಮೊದಲು ದೃಷ್ಟಿ ತೆಗೆದು, ದೇವರ ಭಂಡಾರದ ಅರಿಶಿಣ ಹಚ್ಚಿ, ಲಿಂಬಿಹಣ್ಣು ಕೊಟ್ಟೇ ಕಳಿಸಬೇಕು. ಟಂಟಂ ಗಾಡಿಗೂ ಅಷ್ಟೇ, ಟ್ರ್ಯಾಕ್ಟರಿಗೂ ಅಷ್ಟೇ. ಗಾಲಿ ಮುರಿದ ವಿಮಾನವನ್ನು ಮೂರು ತಾಲೂಕು ದಾಟಿಸಿ ಒಯ್ಯುವಾಗ ರೇವವ್ವ ಸುಮ್ಮನೆ ಕೂಡುವವಳೇ? ಅರಿಶಿಣವನ್ನು ಎಣ್ಣೆಯಲ್ಲಿ ಕಲಸಿ, ಕಡಿಮೆ ಬೀಳಬಾರದೆಂದು ಕೈಬಿಟ್ಟು ಹಚ್ಚಿದ್ದಳು. ಬಿಳಿ ಬಣ್ಣಕ್ಕೆ ಹಿಡಿದ ಅರಿಶಿಣ ಹೋಗುವುದಿಲ್ಲ ಎಂಬುದು ಊಟದಲ್ಲಿ ಅಂಗಿ ಕೆಡಿಸಿಕೊಂಡ ಯಾರಿಗಾದರೂ ಗೊತ್ತು.

ಜಂಬೋ ಕೈತಪ್ಪಿತು ಎಂದು ಮಾಸ್ತರರಿಗೆ ಖಾತ್ರಿಯಾಯಿತು. ತಾವು ಕೂತಿರದಿದ್ದರೆ ಗಾಲಿ ಮುರಿಯುತ್ತಿರಲಿಲ್ಲ. ಗಾಲಿ ಮುರಿಯದಿದ್ದರೆ ರೇವವ್ವ ಕೈ ಹಾಕುತ್ತಿರಲಿಲ್ಲ. ಎಲ್ಲ ಪಾಪದ ಮೂಲವೂ ತಮ್ಮ ಒಂದೇ ಅಂಗದಲ್ಲಿದೆ ಎನ್ನಿಸಿ, ಕುರ್ಚಿಯ ತುದಿಗೆ ಸರಿದರು.

ಪ್ರಿಯದರ್ಶಿನಿ ವಿಮಾನವನ್ನು ರೋಗಿಯಂತೆ ತಿರುಗಿಸಿ ನೋಡಿದಳು. “ಅರಿಶಿಣ ಹಚ್ಚೀರಲ್ಲ, ಸೆಪ್ಟಿಕ್ ಏನ್ ಆಗೂದಿಲ್ಲ ಬಿಡ್ರಿ.”

ಕುತುಬುದ್ದೀನ ಅದನ್ನು ತನ್ನ ಅಂಗೈಗೆ ತೆಗೆದುಕೊಂಡ. ಕಿಟಕಿಗಳ ಸಾಲನ್ನು ಉಗುರಿನಿಂದ ಮೆಲ್ಲಗೆ ಕೆರೆದ. ಒಂದು ಕಿಟಕಿ ಕಂಡಿತು.

“ಅಬ್ಬಾಗ ಕಿಡಕಿ ಸೀಟು ಸಿಕ್ಕಿರಲಿಲ್ಲ,” ಎಂದ. “ಕಡೀತನಕ ಅದನ್ನ ಹೇಳ್ತಿದ್ರು. ಊರು ಬಿಡೂಮುಂದ ನಮ್ಮ ಓಣಿ ಮುದುಕಿ ಒಬ್ಬಾಕಿ ಅವರ ಹಣಿಗಿ ಹಿಂಗ ಭಂಡಾರ ಬಡದಿದ್ಲಂತ. ಒರಸ್ಕೊಳ್ಳಾಕ ಮನಸ್ಸಾಗಲಿಲ್ಲಂತ, ಹಂಗ ವಿಮಾನ ಹತ್ಯಾರ. ಇರಲಿ ಅಮೋಘಣ್ಣ. ಅವರು ಹೋದದ್ದು ಹಿಂಗ. ಬೆಳ್ಳಂದಕ್ಕಿಂತ ನನಗ ಇದ ಖರೆ ಅನಸ್ತೈತಿ.”

ಮಾಸ್ತರರು ಕುರ್ಚಿಯ ನಡುವಿಗೆ ಬಂದು ಕೂತರು. ಆದರೆ ಕುತುಬುದ್ದೀನನ ಬೆವರು ಇನ್ನೂ ನಿಂತಿರಲಿಲ್ಲ.

“ನಂದೂ ಒಂದು ಮಾತೈತ್ರಿ,” ಎಂದು ತನ್ನ ಡಬ್ಬಿ ತೆರೆದ. ಜಂಬೋ ಹೊರಬಂತು. ಕೆಂಪು ಕಮಾನುಗಳು, ಹೊಳೆಯುವ ಬೆನ್ನು. ಬಲ ರೆಕ್ಕೆಯ ಕೆಳಗೆ ಇಂಜಿನ್ ಇರಬೇಕಾದ ಒಂದು ಕಡೆ ಬರೀ ಗೋಂದಿನ ಕಲೆ.

“ಇಂಜಿನ್ ಎಲ್ಲೈತ್ರಿ?” ಪ್ರಿಯದರ್ಶಿನಿಯ ದನಿ ವಾರ್ಡಿನ ದನಿಯಾಯಿತು.

“ಮೊನ್ನೆ ಅಂಗಳದಾಗ ಇಟ್ಟು ಒರಸಾಕತ್ತಿದ್ದೆ. ಸಡ್ಲ ಆಗಿತ್ತು, ಬಿತ್ತು. ಹುಡುಕೂದ್ರಾಗ…” ಅವನು ಮೇಜಿನ ಬಟ್ಟೆ ನೋಡಿದ. “ನಮ್ಮ ಕೋಳಿ ನುಂಗ್ತು.”

ಕಾಂತು ಅಡುಗೆಮನೆಯ ಕಡೆ ಓಡಿದ. ನಗುವುದು ಕೇಳಿಸಬಾರದೆಂದು ಓಡಿದ್ದು, ಎಲ್ಲರಿಗೂ ಕೇಳಿಸಿತು.

“ಯಾಡ್ ದಿನ ಕಾದೇನ್ರಿ, ಹೊರಗ ಬರಲಿಲ್ಲ. ಕೊಯ್ಯಾಕ ಮನಸ್ಸಿಲ್ಲ, ತತ್ತಿ ಇಡೂ ಕೋಳಿ. ಫೋನಿನ್ಯಾಗ ಹೇಳಿದ್ರ ನೀವು ಬರೂದಿಲ್ಲ ಅಂತ…”

“ನಾಕು ತಾಲೂಕಿನಾಗ ನನ್ನ ನಿಯಮ ಪಾಲಿಸಿದವರು ಒಬ್ಬರೂ ಇಲ್ಲಲ್ರಿ!” ಎಂದಳು ಪ್ರಿಯದರ್ಶಿನಿ.

ಅಮೋಘಸಿದ್ಧ ಜಂಬೋವನ್ನು ಬಟ್ಟೆಯ ಮೇಲೆ ಇಟ್ಟ. ಎಡಮಗ್ಗುಲು ತನ್ನ ಕಡೆ ಬರುವಂತೆ ತಿರುಗಿಸಿದ. ಮೇಜಿನ ಮೇಲೆ ಗಲ್ಲವಿಟ್ಟು, ಒಂದು ಕಣ್ಣು ಮುಚ್ಚಿ, ಶಾಲೆಯಲ್ಲಿ ಬೆಂಚಿನ ಆ ತುದಿಯಿಂದ ನೋಡುತ್ತಿದ್ದಂತೆಯೇ ನೋಡಿದ. ಆಗ ಮಾಸ್ತರರಿಗೆ ನೆನಪಾಯಿತು: ತುಕ್ಕು ಹಿಡಿದ ಅಂಚು, ಮುಚ್ಚಳ, ಅದರ ಮೇಲೆ ಎಡಕ್ಕೆ ಮೂಗು ಮಾಡಿದ ಇದೇ ವಿಮಾನ.

“ಪೆಟ್ಟಿಗೀ ಮ್ಯಾಲ ಆ ಕಡೀ ರೆಕ್ಕಿ ಕಾಣ್ತಿರಲಿಲ್ಲ,” ಎಂದ ಅಮೋಘಸಿದ್ಧ. “ಅಲ್ಲಿ ಏನೈತಿ, ಏನಿಲ್ಲ, ನನಗ ಯಾವತ್ತೂ ಗೊತ್ತಿರಲಿಲ್ಲ. ನಡೀತೈತಿ. ಕಾಂತು, ರೊಟ್ಟಿ ತರಸಪಾ.”

ಸಂಜೆ ಇಂಡಿಗೆ ಮರಳಿದಾಗ ರೇವವ್ವ ಗಿರಣಿಯ ಕಟ್ಟೆಯ ಮೇಲೆ ಜರಡಿ ಹಿಡಿದು ಕೂತಿದ್ದಳು. ಅಮೋಘಸಿದ್ಧ ಕಪಾಟಿನ ನಡುಖಾನೆ ಖಾಲಿ ಮಾಡಿ ಜಂಬೋ ನಿಲ್ಲಿಸಿದ. ಅವಳು ಎದ್ದು ಬಂದು, ಆ ಕಡೆ ಈ ಕಡೆ ಇಣುಕಿ ನೋಡಿದಳು. ಕುರಿ ಕೊಳ್ಳುವಾಗ ಹಲ್ಲು ನೋಡುವ ಮನೆತನದವಳು. ಬಲ ರೆಕ್ಕೆ ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಕೋಳಿಯ ಕತೆಯನ್ನು ಮಾಸ್ತರರು ಹೇಳಿದರು, ತಾವು ಕೂತ ಭಾಗವನ್ನು ಆದಷ್ಟು ಸಂಕ್ಷಿಪ್ತಗೊಳಿಸಿ.

ರೇವವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಹಂಗಾರ ನಿಮ್ಮ ನಾಕು ತಾಲೂಕಿನ ವಿಮಾನದಾಗ ಹಾರೂದು ಇನ್ನೂ ಒಂದೂ ಇಲ್ಲ ಅನ್ನು, ತಮ್ಮಾ?”

ಅಮೋಘಸಿದ್ಧ ಕಪಾಟಿನ ಬಾಗಿಲು ಹಾಕಿ, ಚಿಲಕ ಬಿತ್ತೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿದ.

“ಒಂದೈತಿಬೇ,” ಎಂದ. “ಮುದ್ದೇಬಿಹಾಳದಾಗ. ಕುತುಬುದ್ದೀನನ ಕೋಳಿ.”