ಆರನೆಯ ಮಾಳಿಗೆಯ ಹಸಿರು

ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಹೊಸಂಗಡಿಯ ತವರುಮನೆಯಲ್ಲಿದ್ದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಅಳು ಮಾತ್ರ ಬಂದಿರಲಿಲ್ಲ.

ಮುಂಬೈಯ ನಮ್ಮ ಆಫೀಸಿನಿಂದ ಫೋನು ಬಂತು. ನಾವು ದುರಸ್ತಿ ಮಾಡುತ್ತಿದ್ದ ಅರವತ್ತರ ದಶಕದ ಕಾಂಕ್ರೀಟ್ ಕಟ್ಟಡದ ಮೆಟ್ಟಿಲಲ್ಲಿ ಮೊಸಾಯಿಕ್ಕಿನ ಹಸಿರು ಹೇಗೆ ಮಾಡಿದರೂ ಹಳೆಯದಕ್ಕೆ ಹೊಂದುತ್ತಿಲ್ಲವಂತೆ. ಹಳೆಯ ಕೆಲಸಗಾರರ ಪಟ್ಟಿಯಲ್ಲಿ ಹೊಸಂಗಡಿಯ ಹತ್ತಿರದ ಶಿರಿಯದ ಒಬ್ಬರ ಹೆಸರಿತ್ತು, ವಿಚಾರಿಸಬಹುದೇ ಎಂದರು.

ಆ ಮೆಟ್ಟಿಲು ನನಗೆ ಬಾಯಿಪಾಠ. ನಗರದ ಆಧುನಿಕ ಕಟ್ಟಡಗಳನ್ನು ನೋಡಬಂದವರನ್ನು ಎಂಟು ವರ್ಷ, ಭಾನುವಾರ ಭಾನುವಾರ, ಅಲ್ಲಿ ನಿಲ್ಲಿಸಿ ಅದರ ರಾಜಸ್ಥಾನದ ಹಸಿರು ಕಲ್ಲನ್ನು ಹೊಗಳಿದ್ದೆ.

ಆ ಹೆಸರಿನವರು ಹೊಳೆಬದಿಯ ಮನೆಯ ಜಗಲಿಯಲ್ಲಿ ಸಿಕ್ಕಿದರು. ವಯಸ್ಸು ಎಂಬತ್ತರ ಹತ್ತಿರ. ಅವರ ಮನೆಮಾತು ತುಳು, ನನ್ನದು ಕೊಂಕಣಿ, ಕನ್ನಡದಲ್ಲಿ ಮಾತಾಡಿದೆವು. ಕೊರಿಯರಿನಲ್ಲಿ ತರಿಸಿದ್ದ ಮೊಸಾಯಿಕ್ ತುಂಡನ್ನು ಕೊಟ್ಟೆ. ಎಂಜಲು ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದರು.

"ಕಲ್ಲು ಎಂತದ್ದು? ಕಲ್ಲು ಮುಗಿದಿತ್ತು. ಇದು ಸೋಡಾ ಬಾಟ್ಲಿ. ನಾವೇ ಕುಟ್ಟಿ ಹಾಕಿದ್ದು."

ಎಷ್ಟು ಸಣ್ಣಗೆ ಕುಟ್ಟಬೇಕು, ಎಷ್ಟು ದಿನ ಬಿಟ್ಟು ಉಜ್ಜಬೇಕು, ಎಲ್ಲ ಕೇಳಿ ಬರೆದುಕೊಂಡೆ.

"ಯಾವ ಮಾಳಿಗೆದು ಇದು?"

"ಆರನೆಯದು."

ತುಂಡನ್ನು ನೆಲದ ಮೇಲಿಟ್ಟರು. "ಅಲ್ಲಿಂದಲೇ ನನ್ನ ಅಣ್ಣ ಬಿದ್ದದ್ದು. ಆಗ ಮೆಟ್ಟಿಲಿಗೆ ಕೈಕಂಬಿ ಇರ್ಲಿಲ್ಲ. ಅವನನ್ನು ಆಸ್ಪತ್ರೆಗೆ ಕೊಂಡುಹೋದ್ರು, ಉಳೀಲಿಲ್ಲ. ನಾನು ಪುನಃ ಮೇಲೆ ಹೋದೆ. ಸಿಮೆಂಟು ಕಲಸಿ ಆಗಿತ್ತಲ್ಲ, ಗಟ್ಟಿ ಆಗ್ತದೆ."

"ಆಮೇಲಾದರೂ ಅತ್ತಿರಾ?"

"ಬರ್ತದೆ ಅಂತ ಕಾದೆ. ಬರ್ಲಿಲ್ಲ ಮಾರಾಯ್ತಿ."

ಸೊಸೆ ಚಾ ತಂದಳು. ಇಬ್ಬರೂ ಕುಡಿದೆವು. ನನ್ನ ಗಂಡನ ವಿಷಯ ಹೇಳಬಹುದಿತ್ತು, ಹೇಳಲಿಲ್ಲ.

ಮರುದಿನದಿಂದ ಅವರ ಅಂಗಳದಲ್ಲಿ ಕೂತು ಮೊಸಾಯಿಕ್ಕಿನ ಮಾದರಿ ಬಿಲ್ಲೆಗಳನ್ನು ಎರಕ ಹೊಯ್ದೆವು. ಅವರು ಹೇಳಿಕೊಟ್ಟರು, ನಾನು ಕುಟ್ಟಿದೆ, ಕಲಸಿದೆ. ಮೊದಲಿನದು ಬಿಳಿಚಿತು, ಎರಡನೆಯದು ಒಡೆಯಿತು. ಮೂರನೆಯದನ್ನು ಬಿಸಿಲಿಗೆ ಹಿಡಿದು, "ಇದೇ" ಎಂದರು. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಮುಂಬೈಗೆ ಒಯ್ದೆ. ಮಳೆಗಾಲಕ್ಕೆ ಮೊದಲು ಮೆಟ್ಟಿಲು ಮುಗಿಯಿತು. ಹೊಸತು ಯಾವುದು, ಹಳತು ಯಾವುದು ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

ಮುಂದಿನ ಭಾನುವಾರ ಬಂದವರಿಗೆ ಆರನೆಯ ಮಾಳಿಗೆಯಲ್ಲಿ ಬಾಟ್ಲಿಯ ಸಂಗತಿ ಹೇಳಿದೆ, ನಕ್ಕರು. ಬಿದ್ದವನ ಸಂಗತಿಯನ್ನೂ ಹೇಳಿದೆ, ಅದೇ ಸ್ವರದಲ್ಲಿ. ಹೆಂಗಸೊಬ್ಬಳು ಕೈಕಂಬಿಯಿಂದ ಕೈ ತೆಗೆದಳು. ಒಬ್ಬರು ಅವನ ಹೆಸರು ಕೇಳಿದರು. ನಾನು ವಿಚಾರಿಸಿಯೇ ಇರಲಿಲ್ಲ. ಹಾಗೆಂದೇ ಹೇಳಿ, ತಾರಸಿಗೆ ಹೋಗುವ ದಾರಿ ತೋರಿಸಿದೆ.